ಅಳುವ ಮಗುವನ್ನು ಎತ್ತಿಕೊಳ್ಳಿ

(ದಾವಣಗೆರೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಸಲಹೆ ಕೇಳಲು ಬರುವ ತಾಯಂದಿರಲ್ಲಿ ಅನೇಕರದು ಒಂದೇ ದೂರು. ‘ಮೇಡಂ, ಎತ್ತಿಕೊಂಡು ಎತ್ತಿಕೊಂಡು ಕೈ ರೂಢಿಯಾಗಿಬಿಟ್ಟಿದೆ. ಕೆಳಗೆ ಬಿಟ್ಟರೆ ಸಾಕು, ಅಳುತ್ತದೆ.’ ಜೊತೆಗೆ ಬಂದ ಅತ್ತೆಯೋ ಗಂಡನೋ ಪಕ್ಕದಿಂದ, ‘ಅತ್ತರೆ ಅಳಲಿ, ಶ್ವಾಸಕೋಶ ಗಟ್ಟಿಯಾಗುತ್ತದೆ ಬಿಡು ಎಂದರೂ ಇವಳು ಕೇಳುವುದಿಲ್ಲ’ ಎನ್ನುತ್ತಾರೆ. ಕೇಳದಿದ್ದದ್ದು ಒಳ್ಳೆಯದಾಯಿತು ಎಂದೇ ನಾನು ಹೇಳುತ್ತೇನೆ. ಈ ಹೊತ್ತು ನಿಮ್ಮ ಮುಂದೆ ಇಡಲು ಬಂದಿರುವ ಮಾತೂ ಅದೇ. ಮೊದಲ ಎರಡು ಮೂರು ವರ್ಷ ಯಾರಾದರೊಬ್ಬರಿಗೆ ಗಟ್ಟಿಯಾಗಿ ಅಂಟಿಕೊಳ್ಳಲು ಸಿಕ್ಕ ಮಗು, ಮುಂದೆ ಅವರನ್ನು ಬಿಟ್ಟು ಧೈರ್ಯವಾಗಿ ಹೊರಗೆ ಹೋಗುತ್ತದೆ. ಅಂಟಿಕೊಳ್ಳಲು ಸಿಗದ ಮಗುವಿಗೆ ಬಿಟ್ಟು ಹೋಗುವುದೂ ಕಷ್ಟ, ಯಾರನ್ನಾದರೂ ನಂಬುವುದೂ ಕಷ್ಟ.

ಇದು ಬರೀ ಮಮತೆಯ ಮಾತಾಗಿದ್ದರೆ ನಿಮಗೆ ನನ್ನ ಉಪನ್ಯಾಸ ಬೇಕಿರಲಿಲ್ಲ. ನಿಮ್ಮ ಅವ್ವಂದಿರೇ ಸಾಕಿತ್ತು. ಆದರೆ ಈ ಮಾತಿಗೆ ವಿರುದ್ಧವಾದ ಉಪದೇಶ ವಿಜ್ಞಾನದ ಹೆಸರಿನಲ್ಲೇ ಹುಟ್ಟಿ ಲೋಕವೆಲ್ಲ ಸುತ್ತಿದೆ. 1928ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಪೋಷಕರಿಗಾಗಿ ಬರೆದ ಪುಸ್ತಕದಲ್ಲಿ, ಮಕ್ಕಳನ್ನು ಅಪ್ಪಿಕೊಳ್ಳಬೇಡಿ, ಮುದ್ದಿಸಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬೆಳಗ್ಗೆ ಎದ್ದಾಗ ಬೇಕಿದ್ದರೆ ಕೈಕುಲುಕಿ ಎಂದು ತಿಳಿಹೇಳಿದರು. ಆ ಕಾಲದ ಓದಿದ ಮನೆಗಳು ಅದನ್ನು ಗಂಭೀರವಾಗಿ ತೆಗೆದುಕೊಂಡವು. ಆಸ್ಪತ್ರೆಗಳಲ್ಲೂ ಅಂಥದೇ ಗಾಳಿ ಬೀಸುತ್ತಿತ್ತು. ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಮಕ್ಕಳ ವಾರ್ಡಿಗೆ ತಂದೆತಾಯಿ ವಾರಕ್ಕೆ ಒಂದೆರಡು ಬಾರಿ ಮಾತ್ರ ಬರಬಹುದಿತ್ತು. ಅವರು ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ ಎಂಬುದು ಕಾರಣ.

ಆ ಸುಮ್ಮನಿರುವಿಕೆಯ ಒಳಗೆ ಏನಿದೆ ಎಂದು ನೋಡಿದವರು ಜೇಮ್ಸ್ ರಾಬರ್ಟ್‌ಸನ್. ಅವರು ಈ ಕ್ಷೇತ್ರಕ್ಕೆ ಬಂದದ್ದೇ ವಿಚಿತ್ರ ದಾರಿಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಮಕ್ಕಳ ಆಶ್ರಯಧಾಮದಲ್ಲಿ ಅವರು ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲಿ ಎಲ್ಲ ಕೆಲಸಗಾರರೂ ಮಕ್ಕಳ ಬಗ್ಗೆ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕಿತ್ತು. ಆ ಅಭ್ಯಾಸ ಅವರನ್ನು ಮಕ್ಕಳನ್ನು ನೋಡುವವರನ್ನಾಗಿ ಮಾಡಿತು. ಮುಂದೆ ಅವರು ಮನೋವೈದ್ಯ ಜಾನ್ ಬೌಲ್ಬಿಯವರ ಜೊತೆ ಸೇರಿ, ಎರಡು ವರ್ಷದ ಹುಡುಗಿಯೊಬ್ಬಳು ಎಂಟು ದಿನ ಆಸ್ಪತ್ರೆಯಲ್ಲಿ ಕಳೆದದ್ದನ್ನು ಕ್ಯಾಮೆರಾದಲ್ಲಿ ಹಿಡಿದು, 1952ರಲ್ಲಿ ಚಿತ್ರವಾಗಿ ತೋರಿಸಿದರು. ಅವರು ಗುರುತಿಸಿದ ಮೂರು ಹಂತಗಳನ್ನು ನೀವೆಲ್ಲ ನೆನಪಿಟ್ಟುಕೊಳ್ಳಬೇಕು. ಮೊದಲು ಮಗು ಪ್ರತಿಭಟಿಸುತ್ತದೆ: ಅಳುತ್ತದೆ, ಬಾಗಿಲ ಕಡೆ ನೋಡುತ್ತದೆ, ಬೇರೆ ಯಾರು ಎತ್ತಿಕೊಂಡರೂ ಒದೆಯುತ್ತದೆ. ಆಮೇಲೆ ಹತಾಶೆ: ಅಳು ಸಣ್ಣದಾಗುತ್ತದೆ, ಊಟ ಸೇರುವುದಿಲ್ಲ, ಮೂಲೆ ಹಿಡಿಯುತ್ತದೆ. ಕೊನೆಗೆ ಬೇರ್ಪಡುವಿಕೆ: ಮಗು ಮತ್ತೆ ಆಡುತ್ತದೆ, ಕೊಟ್ಟದ್ದು ತಿನ್ನುತ್ತದೆ, ದಾದಿಯರನ್ನು ನೋಡಿ ನಗುತ್ತದೆ, ತಾಯಿ ಬಂದಾಗ ಮಾತ್ರ ಮುಖ ತಿರುಗಿಸುತ್ತದೆ. ಈ ಮೂರನೆಯ ಹಂತವನ್ನೇ ವಾರ್ಡಿನವರು ‘ಹೊಂದಿಕೊಂಡಿತು’ ಎಂದು ಬರೆದುಕೊಳ್ಳುತ್ತಿದ್ದರು. ರಾಬರ್ಟ್‌ಸನ್ ತೋರಿಸಿದ್ದನ್ನು ಒಪ್ಪಲು ವೈದ್ಯರಿಗೆ ಮೊದಲು ಬಹಳ ಕಷ್ಟವಾಯಿತು. ಆದರೂ 1959ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದು ಮಕ್ಕಳ ವಾರ್ಡುಗಳಲ್ಲಿ ತಂದೆತಾಯಿಯ ಭೇಟಿಗೆ ಕಟ್ಟುಪಾಡು ಬೇಡ ಎಂದು ಶಿಫಾರಸು ಮಾಡಿತು.

ನಮ್ಮೂರಿನ ಆಸ್ಪತ್ರೆಗಳಲ್ಲಿ ಮಗುವಿನ ಹಾಸಿಗೆಯ ಪಕ್ಕದಲ್ಲೇ ತಾಯಿ, ಕೆಳಗೆ ಚಾಪೆಯಲ್ಲಿ ಅಜ್ಜಿ ಮಲಗಿರುವುದನ್ನು ಕಂಡಾಗ ನನಗೆ ಸಮಾಧಾನವಾಗುತ್ತದೆ. ಗಲಾಟೆ ಎಂದು ಬೈಯುವವರು ಬೈಯಲಿ. ಮಗುವಿಗೆ ಅದು ಔಷಧಿಯಷ್ಟೇ ಮುಖ್ಯ.

ಆದರೆ ಆ ಮೂರನೆಯ ಹಂತದ ಮಕ್ಕಳು ನಮ್ಮಲ್ಲೂ ಇದ್ದಾರೆ. ‘ಪಾಪ, ಬಹಳ ಒಳ್ಳೆಯ ಮಗು. ಎಲ್ಲಿ ಕೂರಿಸಿದರೆ ಅಲ್ಲೇ ಕೂತಿರುತ್ತದೆ, ಯಾರ ಹತ್ತಿರ ಕೊಟ್ಟರೂ ಹೋಗುತ್ತದೆ’ ಎಂಬ ಹೊಗಳಿಕೆ ಕೇಳಿದಾಗಲೆಲ್ಲ ನಾನು ಆ ಮಗುವನ್ನು ಇನ್ನೊಮ್ಮೆ ನೋಡುತ್ತೇನೆ. ಹುಟ್ಟುಗುಣದಿಂದಲೇ ಶಾಂತವಾದ ಮಕ್ಕಳು ಖಂಡಿತ ಇರುತ್ತಾರೆ. ಆದರೆ ಒಂದೂವರೆ ವರ್ಷದ ಮಗು ಬಿದ್ದು ಪೆಟ್ಟಾದಾಗಲೂ ಯಾರ ಕಡೆಗೂ ತಿರುಗಿ ನೋಡುವುದಿಲ್ಲ ಎಂದಾದರೆ ಅದನ್ನು ಒಳ್ಳೆಯತನ ಎಂದುಕೊಳ್ಳಬೇಡಿ. ನಮ್ಮ ಅಂಗನವಾಡಿಗಳಲ್ಲಿ ಮಗುವಿನ ತೂಕ, ಎತ್ತರ ದಾಖಲಾಗುತ್ತವೆ. ಅದು ತುಂಬ ಬೇಕಾದ ಕೆಲಸ. ಅದರ ಜೊತೆಗೆ, ಈ ಮಗು ದುಃಖವಾದಾಗ ಯಾರ ಹತ್ತಿರ ಹೋಗುತ್ತದೆ ಎಂಬುದನ್ನೂ ನೀವು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಹೊಟ್ಟೆ ತುಂಬಿಸುವವರಿಗೇ ಮಗು ಅಂಟಿಕೊಳ್ಳುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಹ್ಯಾರಿ ಹಾರ್ಲೊ ಎಂಬುವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೋತಿಮರಿಗಳ ಮೇಲೆ ನಡೆಸಿ 1958ರಲ್ಲಿ ಪ್ರಕಟಿಸಿದ ಪ್ರಯೋಗಗಳು ಆ ನಂಬಿಕೆಯನ್ನು ಮುರಿದವು. ತಾಯಿಯಿಂದ ಬೇರ್ಪಡಿಸಿದ ಮರಿಗಳ ಮುಂದೆ ತಾಯಿಯ ಬದಲಿಗೆ ಎರಡು ಬೊಂಬೆಗಳನ್ನು ಇಡಲಾಗಿತ್ತು. ತಂತಿಯ ಬೊಂಬೆಯಲ್ಲಿ ಹಾಲಿನ ಬಾಟಲಿ ಇದ್ದರೂ ಮರಿಗಳು ದಿನದ ಬಹುಪಾಲು ಹೊತ್ತು ಮೆತ್ತನೆಯ ಬಟ್ಟೆ ಸುತ್ತಿದ ಬೊಂಬೆಯನ್ನೇ ತಬ್ಬಿಕೊಂಡಿದ್ದವು. ಆ ಪ್ರಯೋಗಗಳ ಕ್ರೌರ್ಯ ನನ್ನನ್ನು ಇಂದಿಗೂ ಕಾಡುತ್ತದೆ. ಅದರ ವಿವರಕ್ಕೆ ಹೋಗುವುದಿಲ್ಲ.

ನನಗೆ ಹೆಚ್ಚು ಹತ್ತಿರವೆನಿಸುವುದು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅವರ ಕೆಲಸ. ಮಗು ತನ್ನವರಿಗೆ ಅಂಟಿಕೊಳ್ಳುವ ಬಗೆಯನ್ನು ವಿವರಿಸುವ ಈ ಬಾಂಧವ್ಯದ ಸಿದ್ಧಾಂತ ವಿದೇಶದ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು, ನಮ್ಮ ಹಳ್ಳಿಗಳಿಗೆ ಸಲ್ಲದು ಎನ್ನುವವರಿಗೆ ನಾನು ಇದನ್ನು ನೆನಪಿಸುತ್ತೇನೆ: 1954ರಲ್ಲಿ ಅವರು ಉಗಾಂಡಾಕ್ಕೆ ಹೋಗಿ, ಕಂಪಾಲಾ ಸಮೀಪದ ಹಳ್ಳಿಗಳಲ್ಲಿ 26 ಕುಟುಂಬಗಳ ಮನೆಗಳಿಗೆ ಮತ್ತೆ ಮತ್ತೆ ಭೇಟಿ ಕೊಟ್ಟು, ತಾಯಂದಿರ ಜೊತೆ ಕೂತು ಕಲಿತದ್ದೂ ಅದರ ಒಂದು ಬೇರು. ಅಂಬೆಗಾಲಿಡುವ ಮಗು ತಾಯಿಯಿಂದ ಸ್ವಲ್ಪ ದೂರ ಹೋಗುತ್ತದೆ, ಏನನ್ನೋ ಮುಟ್ಟುತ್ತದೆ, ತಿರುಗಿ ತಾಯಿಯ ಮುಖ ನೋಡುತ್ತದೆ, ಮತ್ತೆ ಇನ್ನಷ್ಟು ದೂರ ಹೋಗುತ್ತದೆ. ಹೆದರಿದರೆ ಓಡಿ ಬಂದು ಸೆರಗು ಹಿಡಿಯುತ್ತದೆ. ಎದೆಬಡಿತ ಇಳಿದ ಮೇಲೆ ಮತ್ತೆ ಹೊರಡುತ್ತದೆ. ತಾಯಿಯನ್ನು ಹೀಗೆ ಭದ್ರ ನೆಲೆಯಾಗಿ ಬಳಸುವ ಮಕ್ಕಳೇ ಹೆಚ್ಚು ಹುಡುಕಾಡುತ್ತಿದ್ದವು. ದೂರ ಹೋಗುವ ಧೈರ್ಯಕ್ಕೆ ಹತ್ತಿರದ ಆಸರೆಯೇ ಬಂಡವಾಳ.

ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವರು ರೂಪಿಸಿದ ಸುಮಾರು ಇಪ್ಪತ್ತು ನಿಮಿಷದ ಪರೀಕ್ಷೆ ಪ್ರಸಿದ್ಧವಾಯಿತು. ಸುಮಾರು ಒಂದು ವರ್ಷದ ಮಗು ಅಪರಿಚಿತ ಕೋಣೆಯಲ್ಲಿ ತಾಯಿಯ ಜೊತೆ ಆಡುತ್ತಿರುತ್ತದೆ. ಅಪರಿಚಿತಳೊಬ್ಬಳು ಬರುತ್ತಾಳೆ, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಮರಳುತ್ತಾಳೆ. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಬಂದಾಗ ಏನು ಮಾಡಿತು ಎಂಬುದನ್ನು ಅವರು ಗಮನಿಸಿದರು. ಕೆಲವು ಮಕ್ಕಳು ಓಡಿ ಬಂದು ತಬ್ಬಿಕೊಂಡು, ಸಮಾಧಾನಗೊಂಡು, ಮತ್ತೆ ಆಟಕ್ಕೆ ಮರಳಿದವು. ಕೆಲವು ಅಂಟಿಕೊಂಡೂ ಒದೆಯುತ್ತ, ಎಷ್ಟು ಹೊತ್ತಾದರೂ ಸಮಾಧಾನವಾಗದೆ ಉಳಿದವು. ಇನ್ನು ಕೆಲವು ತಾಯಿ ಬಂದದ್ದನ್ನು ಕಾಣದಂತೆ ಆಟಿಕೆಯ ಕಡೆ ಮುಖ ಮಾಡಿದವು. ಈ ಕೊನೆಯ ಮಕ್ಕಳು ಹೊರಗೆ ನಿರಾಳವಾಗಿ ಕಂಡರೂ ಅವರ ಎದೆಬಡಿತ ಏರಿರುತ್ತದೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಗೊತ್ತಾಯಿತು. ಒಳಗೆ ಕುದಿಯುತ್ತಿದ್ದರೂ ಹೊರಗೆ ತೋರಿಸದಿರುವುದನ್ನು ಒಂದು ವರ್ಷದ ಕೂಸು ಆಗಲೇ ಕಲಿತುಬಿಟ್ಟಿರುತ್ತದೆ. ಈ ವಿಷಯವನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮೊಬೈಲಿನಲ್ಲಿ ವಿಡಿಯೊ ನೋಡಿ ನಿಮ್ಮ ಮಗುವನ್ನು ಈ ಗುಂಪು, ಆ ಗುಂಪು ಎಂದು ಹೆಸರಿಸಲು ಹೋಗಬೇಡಿ. ಜಪಾನಿನಲ್ಲಿ ಇದೇ ಪರೀಕ್ಷೆ ನಡೆಸಿದಾಗ ಬಹಳ ಮಕ್ಕಳು ಸಮಾಧಾನವಾಗದ ಗುಂಪಿಗೆ ಬಿದ್ದರು. ಅಲ್ಲಿನ ಕೂಸುಗಳು ತಾಯಿಯಿಂದ ಒಂದು ಗಳಿಗೆಯೂ ಬೇರೆಯಾಗಿ ಇದ್ದವರಲ್ಲ. ಆ ಕೋಣೆ ಅವರಿಗೆ ಮಿತಿಮೀರಿದ ಶಿಕ್ಷೆಯಾಯಿತು. ಹುಟ್ಟಿದಾಗಿನಿಂದ ಅವ್ವನ ಮಗ್ಗುಲಲ್ಲೋ ಅಜ್ಜಿಯ ಕೌದಿಯಲ್ಲೋ ಮಲಗಿದ ನಮ್ಮ ಮಕ್ಕಳ ವಿಷಯದಲ್ಲೂ ಅಷ್ಟೇ ಜಾಗರೂಕತೆ ಬೇಕು.

ಕೈ ರೂಢಿಯ ಮಾತಿಗೆ ಬರುತ್ತೇನೆ. 1972ರಲ್ಲಿ ಸಿಲ್ವಿಯಾ ಬೆಲ್ ಮತ್ತು ಐನ್ಸ್‌ವರ್ತ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು. ಸನ್ನೆ, ದನಿ, ಮುಖಭಾವದಿಂದ ಹೆಚ್ಚು ಹೇಳಿಕೊಳ್ಳುತ್ತಿದ್ದವು. ಅದನ್ನು ಪ್ರಶ್ನಿಸಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಮರುಅಧ್ಯಯನ ಅದೇ ಫಲಿತಾಂಶ ಕೊಡಲಿಲ್ಲ. ಸಣ್ಣಪುಟ್ಟ ಕೊಸರಾಟಕ್ಕೆ ತಕ್ಷಣ ಓಡಬೇಕಿಲ್ಲ ಎಂದು ಆ ಸಂಶೋಧಕರು ವಾದಿಸಿದರು. ಎರಡನ್ನೂ ಎದುರಿಗಿಟ್ಟುಕೊಂಡು ನಾನು ತಾಯಂದಿರಿಗೆ ಹೇಳುವುದು ಇಷ್ಟು: ನಿದ್ದೆಗಣ್ಣಿನ ಕೊಸರಾಟವಾದರೆ ಒಂದು ಕ್ಷಣ ತಡೆದು ನೋಡಿ, ತಾನೇ ಮಲಗೀತು. ಹೆದರಿಕೆಯ ಅಳು, ನೋವಿನ ಅಳು, ಹುಡುಕುವ ಅಳುವಾದರೆ ತಡೆಯಬೇಡಿ. ಯಾವುದು ಯಾವ ಅಳು ಎಂದು ಯಾವ ತಜ್ಞರೂ ಹೇಳಿಕೊಡಬೇಕಿಲ್ಲ. ಜೊತೆಗಿದ್ದವರಿಗೆ ತಿಂಗಳೊಳಗೆ ಗೊತ್ತಾಗಿಬಿಡುತ್ತದೆ. ಏಳೆಂಟು ತಿಂಗಳಿಗೆ ಮಗುವಿಗೆ ಗುರುತು ಹತ್ತುತ್ತದಲ್ಲ, ನಿನ್ನೆ ತನಕ ಎಲ್ಲರ ಹತ್ತಿರ ಹೋಗುತ್ತಿದ್ದದ್ದು ಇಂದು ಸೋದರಮಾವನನ್ನು ಕಂಡರೂ ಚೀರುತ್ತದಲ್ಲ, ಅದು ಬುದ್ಧಿ ಬೆಳೆದ ಲಕ್ಷಣ. ನಮ್ಮವರು ಯಾರು, ಹೊರಗಿನವರು ಯಾರು ಎಂದು ಅದಕ್ಕೆ ಈಗ ತಿಳಿಯುತ್ತಿದೆ. ಆಗ ಮಾವ ಮುನಿಸಿಕೊಳ್ಳಬಾರದು. ಸ್ವಲ್ಪ ದೂರದಲ್ಲಿ ಕೂತು ಕಾಯಬೇಕು.

ಹಾಗಾದರೆ ದಿನವಿಡೀ ತಾಯಿಯೇ ಎತ್ತಿಕೊಂಡಿರಬೇಕೇ? ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಈ ಸಿದ್ಧಾಂತವನ್ನು ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಲು ಬಳಸಿದವರಿದ್ದಾರೆ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬೌಲ್ಬಿ ಬರೆದ ವರದಿ ತಾಯಿಯ ಮೇಲೇ ಹೆಚ್ಚಿನ ಒತ್ತು ಹಾಕಿತ್ತು. ಆದರೆ 1964ರಲ್ಲಿ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಪ್ರಕಟಿಸಿದ, ಗ್ಲಾಸ್ಗೊ ನಗರದ 60 ಕೂಸುಗಳ ಅಧ್ಯಯನದಲ್ಲಿ, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರಿಗೆ ಅಂಟಿಕೊಂಡಿದ್ದರು: ಅಪ್ಪ, ಅಜ್ಜಿ, ಅಕ್ಕ, ಪಕ್ಕದ ಮನೆಯವರು. ಅದಕ್ಕಿಂತ ಮುಖ್ಯವಾದುದು, ಹೆಚ್ಚು ಹೊತ್ತು ಜೊತೆಗಿದ್ದವರಿಗೇ ಮಗು ಅಂಟಿಕೊಳ್ಳುತ್ತದೆ ಎಂಬುದು ನಿಜವಾಗಿರಲಿಲ್ಲ. ತನ್ನ ಸನ್ನೆಗೆ ಯಾರು ಓಗೊಡುತ್ತಾರೋ ಅವರಿಗೆ ಮಗು ಅಂಟಿಕೊಳ್ಳುತ್ತಿತ್ತು.

ನಮ್ಮ ಮನೆಗಳಲ್ಲಿ ಇದು ಹೊಸದಲ್ಲ. ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ನೀವಿ ನೀರೆರೆಯುವ ಅಜ್ಜಿಯನ್ನು ನೋಡಿ. ಮಗುವಿನ ಮುಖ ಅವಳ ಮುಖಕ್ಕೆ ನೇರ. ಅವಳು ಏನೋ ಹೇಳುತ್ತಾಳೆ, ಕೂಸು ಕಾಲು ಆಡಿಸುತ್ತದೆ. ಅವಳು ನಿಲ್ಲಿಸುತ್ತಾಳೆ, ಕೂಸು ‘ಊಂ’ ಎನ್ನುತ್ತದೆ. ಅವಳು ಮತ್ತೆ ಮಾತು ಮುಂದುವರಿಸುತ್ತಾಳೆ. ಮಾತಿನ ಸರದಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೂಗಿಗೆ ಎಣ್ಣೆ ಬಿಡುವುದನ್ನೂ ಕೋಣೆ ತುಂಬ ಹೊಗೆ ಹಾಕುವುದನ್ನೂ ನಿಲ್ಲಿಸಿ, ಅವು ಕೂಸಿನ ಶ್ವಾಸಕ್ಕೆ ಕೆಟ್ಟದ್ದು. ಎರೆಯುವುದನ್ನು ಮಾತ್ರ ಬಿಡಬೇಡಿ.

ಅಜ್ಜಿಯ ಮಾತು ಬಂದದ್ದರಿಂದ, ಈ ಭಾಗದಲ್ಲಿ ನಾನು ತುಂಬ ಸಲ ಕಂಡ, ಯಾರೂ ದುಃಖವೆಂದು ಎಣಿಸದ ಒಂದು ದುಃಖದ ಬಗ್ಗೆ ಹೇಳಬೇಕು. ಜಗಳೂರು, ಮೊಳಕಾಲ್ಮೂರು ಕಡೆಯ ಒಣ ಊರುಗಳಿಂದ ಗಂಡ ಹೆಂಡತಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೋ ಗಾರ್ಮೆಂಟ್ಸ್‌ಗೋ ಹೋಗುತ್ತಾರೆ. ಕೂಸು ಊರಲ್ಲಿ ಅಜ್ಜಿಯ ಹತ್ತಿರ. ಅದರಲ್ಲಿ ತಪ್ಪೇನೂ ಇಲ್ಲ. ಹೊಟ್ಟೆಪಾಡಿಗೆ ಹೋದವರನ್ನು ದೂಷಿಸುವ ಹಕ್ಕು ನನಗಿಲ್ಲ, ಅಜ್ಜಿಯ ಮಡಿಲೂ ಪೂರ್ಣ ಮಡಿಲೇ. ಐದಾರು ವರ್ಷವಾದಾಗ ಶಾಲೆಗೆ ಸೇರಿಸಬೇಕೆಂದು ತಂದೆತಾಯಿ ಬಂದು ಒಂದೇ ದಿನಕ್ಕೆ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಎಲ್ಲರಿಗೂ ಅದು ಸಂತೋಷದ ದಿನ: ಮಗು ಅಪ್ಪ ಅಮ್ಮನನ್ನು ಸೇರಿತು. ಮಗುವಿನ ಲೆಕ್ಕದಲ್ಲಿ ಅಂದು ಅದರ ತಾಯಿ ಹೋದಳು. ಆಮೇಲೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಶಾಲೆಯಲ್ಲಿ ಹೊಡೆಯುತ್ತದೆ, ‘ಹಟಮಾರಿ, ಅಜ್ಜಿ ಮುದ್ದು ಮಾಡಿ ಕೆಡಿಸಿದ್ದಾಳೆ’ ಎಂಬ ಬೈಗುಳ ತಿನ್ನುತ್ತದೆ. ಬೌಲ್ಬಿಯವರ ಬಾಲ್ಯದಲ್ಲೇ ಇಂಥದೊಂದು ಇತ್ತು. ಅವರನ್ನು ಸಾಕುತ್ತಿದ್ದ ದಾದಿ, ಅವರಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಮನೆ ಬಿಟ್ಟು ಹೋದಳು. ತಾಯಿಯನ್ನು ಕಳೆದುಕೊಂಡಷ್ಟೇ ದೊಡ್ಡ ಪೆಟ್ಟು ಅದು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ಆದ್ದರಿಂದ ಮಗುವನ್ನು ಕರೆದೊಯ್ಯುವವರು ಒಂದೇ ದಿನಕ್ಕೆ ಕರೆದೊಯ್ಯಬೇಡಿ. ಆಗುವುದಾದರೆ ಅಜ್ಜಿಯೂ ಒಂದಷ್ಟು ದಿನ ಬಂದು ಇರಲಿ. ಅವಳ ಹಳೆಯ ಸೀರೆಯಿಂದ ಹೊಲಿದ ಕೌದಿ ಮಗುವಿನ ಜೊತೆ ಹೋಗಲಿ. ಹರಿದಿದೆ, ವಾಸನೆ ಬರುತ್ತದೆ ಎಂದು ಅದನ್ನು ಒಗೆದು ಎಸೆಯಬೇಡಿ, ಮಗುವಿಗೆ ಬೇಕಿರುವುದು ಆ ವಾಸನೆಯೇ. ದಿನವೂ ಫೋನಿನಲ್ಲಿ ಅಜ್ಜಿಯ ದನಿ ಕೇಳಿಸಿ. ಕೇಳಿ ಅಳುತ್ತದೆ ಎಂದು ಫೋನು ತಪ್ಪಿಸಬೇಡಿ. ಅಳಲು ಬಿಡಿ, ನೀವು ಪಕ್ಕದಲ್ಲಿರಿ.

ಎರಡನೆಯ ಬಾಣಂತನದಲ್ಲೂ ಇದೇ ಕಥೆ. ಒಂದೂವರೆ ಎರಡು ವರ್ಷದ ಮೊದಲ ಮಗುವನ್ನು ಆ ಹೊತ್ತಿನಲ್ಲಿ ಯಾರದೋ ಮನೆಗೆ ದಾಟಿಸುತ್ತೇವೆ. ರಾಬರ್ಟ್‌ಸನ್ ಮತ್ತು ಅವರ ಹೆಂಡತಿ ಜಾಯ್ಸ್ ಇಂಥದೇ ಸಂದರ್ಭದ 17 ತಿಂಗಳ ಹುಡುಗನನ್ನು ಚಿತ್ರೀಕರಿಸಿದರು. ತಾಯಿ ಹೆರಿಗೆಗೆ ಹೋಗಿದ್ದ ಒಂಬತ್ತು ದಿನ ಅವನು ಶಿಶುಧಾಮದಲ್ಲಿದ್ದ. ದಾದಿಯರು ಒಳ್ಳೆಯವರು, ಆದರೆ ಪಾಳಿ ಬದಲಾದಂತೆ ಮುಖ ಬದಲಾಗುತ್ತಿತ್ತು. ಅವನು ಒಬ್ಬೊಬ್ಬರ ಹತ್ತಿರವೂ ಹೋಗಿ ನೋಡಿದ, ಯಾರೂ ನಿಲ್ಲಲಿಲ್ಲ. ಕೊನೆಗೆ ದೊಡ್ಡದೊಂದು ಕರಡಿ ಬೊಂಬೆಯನ್ನು ತಬ್ಬಿ ಮಲಗಿದ. ತಾಯಿ ಬಂದಾಗ ಅವಳ ತೋಳಿಗೆ ಹೋಗಲು ಒಪ್ಪಲಿಲ್ಲ. ಅದೇ ದಂಪತಿ ಬೇರೆ ನಾಲ್ಕು ಮಕ್ಕಳನ್ನು ಅಂಥದೇ ಸಂದರ್ಭದಲ್ಲಿ ತಮ್ಮ ಮನೆಯಲ್ಲೇ ಇಟ್ಟುಕೊಂಡು, ತಾಯಿಯ ಫೋಟೊ ತೋರಿಸುತ್ತ, ಅವಳ ಮಾತು ಆಡುತ್ತ ನೋಡಿಕೊಂಡರು. ಆ ಮಕ್ಕಳೂ ನೊಂದವು, ಆದರೆ ಕುಸಿಯಲಿಲ್ಲ. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ, ನಿಂತು ನೋಡಿಕೊಂಡ ಒಬ್ಬ ಮನುಷ್ಯ. ಈ ಊರಿನಲ್ಲಿ ಆ ಒಬ್ಬ ಮನುಷ್ಯ ಮಗುವಿನ ಅಪ್ಪನಾಗಬಹುದು. ಬಾಣಂತಿ ತವರಲ್ಲಿದ್ದಾಳೆ ಎಂದು ವಾರಕ್ಕೊಮ್ಮೆ ಬಂದು ಹೋಗುವ ಅಪ್ಪಂದಿರು ದೊಡ್ಡ ಮಗುವಿಗಾಗಿಯಾದರೂ ಅಲ್ಲಿ ಉಳಿಯಲಿ.

ಹೇಗಾದರೂ ಮಾಡಿ ನಿಲ್ಲಿಸಬೇಕಾದ ಕೆಲವು ಮಾತುಗಳಿವೆ. ‘ಊಟ ಮಾಡದಿದ್ದರೆ ನಿನ್ನನ್ನು ಬಿಟ್ಟು ಹೋಗುತ್ತೇನೆ.’ ‘ನಿನ್ನನ್ನು ತೌಡು ಕೊಟ್ಟು ತಂದದ್ದು.’ ‘ಪೊಲೀಸರಿಗೆ ಹಿಡಿದುಕೊಡುತ್ತೇನೆ.’ ‘ತಮ್ಮ ಬಂದ ಮೇಲೆ ನಿನ್ನನ್ನು ಯಾರು ಕೇಳುತ್ತಾರೆ?’ ಹೇಳುವವರಿಗೆ ಇದು ತಮಾಷೆ, ಮನೆಯವರೆಲ್ಲ ನಗುತ್ತಾರೆ. ಮೂರು ವರ್ಷದ ಮಗುವಿಗೆ ತಮಾಷೆ ತಿಳಿಯುವುದಿಲ್ಲ. ಬಿಟ್ಟು ಹೋಗುವ ಬೆದರಿಕೆ ಮಗುವಿನಲ್ಲಿ ಆತಂಕವನ್ನೂ ಸಿಟ್ಟನ್ನೂ ಒಟ್ಟಿಗೆ ಬಿತ್ತುತ್ತದೆ ಎಂದು ಬೌಲ್ಬಿ 1973ರಲ್ಲೇ ವಿವರವಾಗಿ ಬರೆದರು. ಹಾಗೆಯೇ, ಅಳುತ್ತದೆಂದು ಹಿತ್ತಿಲ ಬಾಗಿಲಿನಿಂದ ಕದ್ದು ಕೆಲಸಕ್ಕೆ ಹೋಗುವುದನ್ನೂ ಬಿಡಿ. ಎದುರಿಗೆ ಹೇಳಿ ಹೋದರೆ ಐದು ನಿಮಿಷ ಅಳುತ್ತದೆ. ಕದ್ದು ಹೋದರೆ ನೀವು ಸ್ನಾನಕ್ಕೆ ಹೋದರೂ ಬಾಗಿಲು ಬಡಿಯುತ್ತದೆ, ಏಕೆಂದರೆ ನೀವು ಯಾವಾಗ ಮಾಯವಾಗುತ್ತೀರಿ ಎಂದು ಅದಕ್ಕೆ ತಿಳಿಯದು.

ಇಷ್ಟೆಲ್ಲ ಕೇಳಿ ಇಲ್ಲಿ ಕೂತ ಕೆಲವು ತಾಯಂದಿರ ಮುಖ ಬಾಡಿದ್ದು ನನಗೆ ಕಾಣುತ್ತಿದೆ. ಎಲ್ಲ ಹೊತ್ತೂ ಸರಿಯಾಗಿರಬೇಕಿಲ್ಲ ತಾಯೀ. ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಸಂಶೋಧಕರು 1970ರ ದಶಕದಲ್ಲಿ ತಾಯಂದಿರಿಗೆ ಕೆಲವು ನಿಮಿಷ ಮುಖಭಾವವಿಲ್ಲದೆ ಕೂಸಿನ ಮುಂದೆ ಕೂರಲು ಹೇಳಿದರು. ಕೂಸುಗಳು ನಕ್ಕು, ಕೈಚಾಚಿ, ಕೂಗಿ ಕರೆದು, ಕೊನೆಗೆ ಮುಖ ತಿರುಗಿಸಿ ಕುಗ್ಗಿದವು. ಮೊಬೈಲಿನಲ್ಲಿ ಮುಳುಗಿದ ಮುಖ ಮಗುವಿಗೆ ಹೀಗೇ ಕಾಣುತ್ತದೆ ಎಂಬುದು ನಿಜ. ಆದರೆ ಅದೇ ಟ್ರಾನಿಕ್ ಇನ್ನೊಂದನ್ನೂ ಕಂಡರು: ಚೆನ್ನಾಗಿರುವ ತಾಯಿ ಮಕ್ಕಳ ನಡುವೆಯೂ ಸುಮಾರು ಮೂರನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತಾಳ ಕೂಡಿರುತ್ತದೆ. ಉಳಿದ ಹೊತ್ತು ತಪ್ಪುವುದು, ಮತ್ತೆ ಕೂಡುವುದು. ಹಾಗೆ ಕೂಡಿಕೊಳ್ಳುವುದರಲ್ಲೇ ಮಗುವಿನ ನಂಬಿಕೆ ಬೆಳೆಯುತ್ತದೆ. ಸಿಟ್ಟಿನಲ್ಲಿ ಗದರಿದಿರಾ? ಆಮೇಲೆ ಹತ್ತಿರ ಕರೆದು ‘ಅವ್ವ ಜೋರಾಗಿ ಕೂಗಿಬಿಟ್ಟಳು, ನಿನಗೆ ಹೆದರಿಕೆಯಾಯಿತು ಅಲ್ಲವಾ’ ಎನ್ನಿ.

ಇನ್ನು, ಮಗುವನ್ನು ಎತ್ತಿಕೊಳ್ಳುವವಳನ್ನು ಎತ್ತಿಕೊಳ್ಳುವವರು ಯಾರು? ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರದ ಹೊತ್ತಿಗೆ ಶೇ 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡಿತು. ಬಡತನ, ಗಂಡನ ಹೊಡೆತ, ಹೆಣ್ಣುಮಗು ಹುಟ್ಟಿತೆಂಬ ಮನೆಯವರ ಬೇಸರ ಇವು ಅದರ ಹಿಂದಿದ್ದವು. ಬಾಣಂತಿ ಮಂಕಾಗಿ ಕೂತಿದ್ದರೆ ‘ಸೋಮಾರಿತನ’ ಎನ್ನಬೇಡಿ, ಗಾಳಿ ಸೋಕಿದೆ ಎಂದು ಕೂರಬೇಡಿ. ಇದಕ್ಕೆ ಚಿಕಿತ್ಸೆಯಿದೆ, ವಾಸಿಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇನ್ನೂ ಉಳಿದಿದೆ. ಆ ಜನರ ದೈವಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಹಸಿಮೈಯ ಹೆಣ್ಣಿಗೆ ಅತಿ ಹೆಚ್ಚು ಜನ ಬೇಕಾದ ದಿನಗಳಲ್ಲೇ ಅವಳನ್ನು ಒಂಟಿ ಮಾಡುವುದನ್ನು ಒಪ್ಪಲು ನನ್ನಿಂದ ಸಾಧ್ಯವೇ ಇಲ್ಲ. ಆ ಕೂಸಿನ ಜೀವಕ್ಕೂ ಅಪಾಯ, ಅವರಿಬ್ಬರ ಬಾಂಧವ್ಯಕ್ಕೂ ಪೆಟ್ಟು.

ಕಾನೂನಿನ ಮಾತೂ ಇದರ ಜೊತೆಗೇ ಬರುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಒಳ್ಳೆಯದು. ಆದರೆ ನಮ್ಮ ಮಂಡಕ್ಕಿ ಭಟ್ಟಿಯ ಹೆಂಗಸಿಗೆ, ಮೆಕ್ಕೆಜೋಳದ ಹೊಲಕ್ಕೆ ಕೂಲಿಗೆ ಹೋಗುವವಳಿಗೆ ಆ 26 ವಾರ ಎಲ್ಲಿಂದ ಬರಬೇಕು? ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ಗಳು ಸರಿಯಾದ ಹೆಜ್ಜೆ. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೇ, ಅಲ್ಲಿ ಕೂಸುಗಳನ್ನು ನೋಡಿಕೊಳ್ಳುವವರಿಗೆ ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಸಂಬಳ ಬರದಿದ್ದರೆ ಅವರು ಬಿಟ್ಟು ಹೋಗುತ್ತಾರೆ. ಅವರು ಹೋದರೆ ಕೂಸಿಗೆ ಮತ್ತೊಂದು ಮುಖ.

ಮುಖಗಳು ಬದಲಾಗುತ್ತಲೇ ಹೋದರೆ ಏನಾಗುತ್ತದೆ ಎಂಬುದನ್ನು ರೊಮೇನಿಯಾ ದೇಶ ತೋರಿಸಿದೆ. 1966ರಲ್ಲಿ ಅಲ್ಲಿನ ಸರ್ಕಾರ ಗರ್ಭಪಾತವನ್ನು ನಿಷೇಧಿಸಿತು. ಸಾಕಲಾಗದ ಮಕ್ಕಳಿಂದ ಅನಾಥಾಲಯಗಳು ತುಂಬಿದವು. 2000ದಲ್ಲಿ ಶುರುವಾದ ಅಧ್ಯಯನವೊಂದು ಬುಕಾರೆಸ್ಟ್‌ನ ಇಂಥ ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ತರಬೇತಾದ ಸಾಕು ಕುಟುಂಬಗಳಿಗೆ ಒಪ್ಪಿಸಿತು. ಹೋದ ಮಕ್ಕಳು ಚೇತರಿಸಿಕೊಂಡರು. ಸುಮಾರು ಎರಡು ವರ್ಷದೊಳಗೆ ಹೋದವರು ಇನ್ನೂ ಚೆನ್ನಾಗಿ ಚೇತರಿಸಿಕೊಂಡರು. ದತ್ತು ಪಡೆಯಲು ಯೋಚಿಸುತ್ತಿರುವವರು, ದೊಡ್ಡ ಮಗು ಬೇಡ ಎಂದು ಇದರಿಂದ ಅರ್ಥ ಮಾಡಿಕೊಳ್ಳಬೇಡಿ. ದೊಡ್ಡ ಮಕ್ಕಳೂ ಅಂಟಿಕೊಳ್ಳುತ್ತಾರೆ, ತಡವಾಗಿ, ಹೆದರುತ್ತ, ನಿಮ್ಮನ್ನು ನೂರು ಸಲ ಪರೀಕ್ಷಿಸಿ.

ಸಭೆಯ ಕೊನೆಯಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ಒಬ್ಬ ಅಂಗನವಾಡಿ ಕಾರ್ಯಕರ್ತೆ, ‘ಮೇಡಂ, ನನ್ನ ಕೇಂದ್ರದಲ್ಲಿ ಇಪ್ಪತ್ತೈದು ಮಕ್ಕಳು, ಒಬ್ಬಳು ಸಹಾಯಕಿ. ಜೂನ್‌ನಲ್ಲಿ ಹೊಸ ಮಕ್ಕಳೆಲ್ಲ ಒಟ್ಟಿಗೆ ಅಳುತ್ತವೆ. ಯಾರನ್ನೆಂದು ಎತ್ತಿಕೊಳ್ಳಲಿ?’ ಎಂದರು. ಅವರ ಪ್ರಶ್ನೆ ನ್ಯಾಯವಾದದ್ದು. ಎಲ್ಲರನ್ನೂ ಎತ್ತಿಕೊಳ್ಳಲು ಆಗುವುದಿಲ್ಲ. ಹೊಸ ಮಕ್ಕಳನ್ನು ಒಂದೇ ದಿನ ಸೇರಿಸಿಕೊಳ್ಳಬೇಡಿ, ವಾರಕ್ಕೆ ಮೂರು ನಾಲ್ಕು ಮಕ್ಕಳಂತೆ ಕರೆಯಿರಿ. ಮೊದಲ ದಿನಗಳಲ್ಲಿ ಅವ್ವನೋ ಅಜ್ಜಿಯೋ ಒಳಗೇ ಕೂತಿರಲಿ. ಮಗು ಆಡಲು ಹೋಗಿ ತಿರುಗಿ ನೋಡಿದಾಗ ಅವರು ಅಲ್ಲಿರಬೇಕು. ಬಾಗಿಲಲ್ಲಿ ದಿನವೂ ನೀವೇ ನಿಂತು, ಹೆಸರು ಹಿಡಿದು ಕರೆಯಿರಿ. ಅಳುವ ಮಗುವಿಗೆ ನಿಮ್ಮ ಸೆರಗು ಹಿಡಿದು ಓಡಾಡಲು ಬಿಡಿ, ಅದಕ್ಕೆ ಒಂದು ಸಣ್ಣ ಕೆಲಸ ಕೊಡಿ. 1975ರಲ್ಲಿ ಶುರುವಾದ ಈ ಅಂಗನವಾಡಿ ವ್ಯವಸ್ಥೆಯನ್ನು ಹೊತ್ತವರು ನೀವು. ನಿಮ್ಮನ್ನು ಸಮೀಕ್ಷೆಗೆ, ಚುನಾವಣೆಯ ಕೆಲಸಕ್ಕೆ ಎಳೆದೊಯ್ದ ದಿನ ಆ ಮಕ್ಕಳು ತಮ್ಮವರೊಬ್ಬರನ್ನು ಕಳೆದುಕೊಳ್ಳುತ್ತವೆ. ಇದನ್ನು ಇಲಾಖೆಯ ಮುಂದೆ ಹೇಳಲು ಕರೆದರೆ ನಾನು ನಿಮ್ಮ ಜೊತೆ ಬರುತ್ತೇನೆ.

ಹಿಂದಿನ ಸಾಲಿನಲ್ಲಿದ್ದ ಲಾರಿ ಚಾಲಕರೊಬ್ಬರು ಸ್ವಲ್ಪ ಸಂಕೋಚದಿಂದ ಎದ್ದರು. ‘ನಾನು ಮನೆಯಲ್ಲಿರುವುದೇ ಕಡಿಮೆ. ಒಂದು ವರ್ಷದ ಮಗಳು ನನ್ನನ್ನು ಕಂಡರೆ ಅಳುತ್ತಾಳೆ. ಏನು ಮಾಡಲಿ?’ ಅಣ್ಣಾ, ಮನೆಗೆ ಬಂದ ಕೂಡಲೇ ಎತ್ತಿಕೊಳ್ಳಲು ಹೋಗಬೇಡಿ. ನೆಲದ ಮೇಲೆ ಕೂತುಕೊಳ್ಳಿ, ಅವಳು ತಾಯಿಯ ತೊಡೆಯಿಂದ ನಿಮ್ಮನ್ನು ನೋಡಲಿ. ನೋಡಿದಾಗ ನಗಿ, ತಿರುಗಿದಾಗ ಕರೆಯಬೇಡಿ. ಅರ್ಧ ದಿನವಾಗಲಿ, ಒಂದು ದಿನವಾಗಲಿ, ಅವಳೇ ಬಂದು ನಿಮ್ಮ ಮೊಣಕಾಲು ಮುಟ್ಟುತ್ತಾಳೆ. ಮನೆಯಲ್ಲಿರುವ ಅಷ್ಟು ದಿನವೂ ಒಂದು ಕೆಲಸ ನಿಮ್ಮದೇ ಆಗಿರಲಿ: ಸಂಜೆ ಊಟ ಮಾಡಿಸುವುದು, ಇಲ್ಲವೇ ತೊಟ್ಟಿಲು ತೂಗುವುದು. ಹೋಗುವ ದಿನ ಅವಳು ಎಚ್ಚರವಿದ್ದಾಗಲೇ, ಎದುರಿಗೇ, ‘ಹೋಗಿ ಬರುತ್ತೇನೆ ಮಗಳೇ’ ಎಂದು ಹೇಳಿ ಹೊರಡಿ. ದಾರಿಯಲ್ಲಿ ಲಾರಿ ನಿಲ್ಲಿಸಿದ ಕಡೆಯಿಂದ, ಅವಳು ಮಲಗುವ ಹೊತ್ತಿಗೆ ಫೋನು ಮಾಡಿ.